ಸಿದ್ದಿಯರ ಕೌದಿ: ಹಳೆ ಸೀರೆಯಲ್ಲಿ ಉಳಿದ ಚರಿತ್ರೆ

ಹಳೆ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ. ಇವನ್ನು ಒಂದರ ಮೇಲೊಂದು ಹಾಸಿ ಹೊಲಿದರೆ ಕೌದಿ. ಉತ್ತರ ಕರ್ನಾಟಕದವರಿಗೆ ಗೊತ್ತಿರುವ ಈ ಹೊದಿಕೆಗೆ ಉತ್ತರ ಕನ್ನಡದ ಸಿದ್ದಿ ಹೆಂಗಸರು ತಮ್ಮದೇ ರೂಪ ಕೊಟ್ಟಿದ್ದಾರೆ. ಅದಕ್ಕೆ ‘ಕವಂದಿ’ ಎಂದೂ ಹೆಸರಿದೆ.

ಸಿದ್ದಿಗಳ ಪೂರ್ವಜರು ಆಫ್ರಿಕಾದವರು. 16ನೇ ಶತಮಾನದಿಂದ ಪೋರ್ಚುಗೀಸರು ಅನೇಕರನ್ನು ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡು ಸೇರಿದರು. ಮುಂದೆ ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರೂ ಧರ್ಮದವರಾದರು. ಕೆಲವರ ಕೌದಿಯಲ್ಲಿ ಶಿಲುಬೆ, ಕೆಲವರದರಲ್ಲಿ ಅರ್ಧಚಂದ್ರ ಕಾಣುತ್ತದೆ. ಹೊಲಿಯುವ ರೀತಿ ಒಂದೇ.

ಹೊಲಿಗೆ ಅಂಚಿನ ಮೂಲೆಯಿಂದ ಶುರುವಾಗಿ, ಸುತ್ತು ಹಾಕುತ್ತ ನಡುವಿಗೆ ಬರುತ್ತದೆ. ಅಕ್ಕಪಕ್ಕದವರು ಜೊತೆಗೆ ಕೂತರೆ ಕೆಲಸವೂ ಸಾಗುತ್ತದೆ, ಸುಖದುಃಖದ ಮಾತೂ ಆಗುತ್ತದೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಕೂರಿಸುತ್ತಾರೆ. ಅದು ‘ಫುಲಾ’, ಅಂದರೆ ಹೂವು. ಹೂವಿಲ್ಲದ ಕೌದಿ ಅವರ ಪಾಲಿಗೆ ಬೆತ್ತಲೆ. ಮೊಮ್ಮಗು ಹುಟ್ಟಿದರೆ ಅಜ್ಜಿಯ ಉಡುಗೊರೆ ಒಂದು ಪುಟ್ಟ ಕೌದಿ.

ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಇವರ ಹೆಂಗಸರ ಬದುಕನ್ನು ಬರೆದಿಟ್ಟವರು ಕಡಿಮೆ. ಅವರು ಉಟ್ಟ ಸೀರೆ, ದುಡಿದ ಕೈ, ಕೂಡಿ ಕೂತ ಮಧ್ಯಾಹ್ನ ಎಲ್ಲವೂ ಕೌದಿಯಲ್ಲಿವೆ.

ಈಗ ಅಂಗಡಿಯ ರಗ್ಗು ಸುಲಭಕ್ಕೆ ಸಿಗುತ್ತದೆ. ಹಳೆ ಸೀರೆ ಸ್ಟೀಲ್ ಪಾತ್ರೆಯವರ ಪಾಲಾಗುತ್ತಿದೆ. ಮುಂದಿನ ಸಲ ನಾಲ್ಕು ಸೀರೆ ತೆಗೆದಿಡಿ. ಮೊದಲ ಹೊಲಿಗೆ ಎಲ್ಲಿಂದ ಎಂದು ಮನೆಯ ಹಿರಿಯರನ್ನು ಕೇಳಿ.