ಬಿಗಿತದ ಮಿತಿ

ಗೋಡೆಯೊಳಗೆ ಹುದುಗಿರುವ ನಲ್ಲಿಯ ಕೊಳವೆಗೂ ಒಂದು ಚರಿತ್ರೆಯಿದೆಯೆಂದರೆ ಕೆಲವರು ನಕ್ಕಾರು. ರಾಜರ ಕಾಳಗಗಳ ಇಸವಿಗಳನ್ನು ಬಾಯಿಪಾಠ ಮಾಡಿ ಬೆಳೆದವರಿಗೆ ಆ ನಗೆ ಸಹಜವೇ. ಆದರೆ ಎರಡು ಕೊಳವೆಗಳ ಕೀಲನ್ನು ಎಷ್ಟು ಬಿಗಿದರೆ ಸಾಕು ಎಂಬ ಸಣ್ಣ ಪ್ರಶ್ನೆಯ ಹಿಂದೆ ಮನುಷ್ಯರ ಪ್ರಾಣದ ಮಾತೂ ಅಡಗಿದೆಯೆಂದು ನನಗೆ ತೋರುತ್ತದೆ.

1807ರಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಅನಿಲದ ದೀಪಗಳು ಬೆಳಗಿದವು. 1812ರಲ್ಲಿ ಅನಿಲ ಒದಗಿಸುವ ಕಂಪೆನಿಯೊಂದಕ್ಕೆ ಸನ್ನದೂ ದೊರೆಯಿತು. ಆದರೆ ಮನೆಮನೆಗೆ ಅನಿಲ ಒಯ್ಯಲು ಕೊಳವೆಗಳೆಲ್ಲಿ? ಹಳೆಯ ಬಂದೂಕಿನ ನಳಿಗೆಗಳನ್ನೇ ತಂದು, ಒಂದರ ತುದಿಗೆ ಒಂದನ್ನು ತಿರುಪಿ ಸೇರಿಸಿದ್ದುಂಟು. 1825ರಲ್ಲಿ ಕಾರ್ನೀಲಿಯಸ್ ವೈಟ್‌ಹೌಸ್ ಎಂಬಾತ ಕಾದ ಕಬ್ಬಿಣದ ಪಟ್ಟಿಯನ್ನು ಅಚ್ಚಿನ ಮೂಲಕ ಎಳೆದು ಅಂಚುಗಳನ್ನು ಬೆಸೆಯುವ ಕ್ರಮಕ್ಕೆ ಪೇಟೆಂಟ್ ಪಡೆದ ಮೇಲೆ ಕೊಳವೆ ಅಗ್ಗವಾಯಿತು. ತೊಡಕು ಉಳಿದದ್ದು ಕೀಲಿನಲ್ಲಿ. ನೀರು ಸೋರಿದರೆ ನೆಲ ಒದ್ದೆಯಾಗಿ ಕಣ್ಣಿಗೆ ಬೀಳುತ್ತದೆ. ಅನಿಲವಾದರೋ ಕಾಣದಂತೆ ಕೋಣೆಯನ್ನು ತುಂಬಿ, ಒಂದು ಕಿಡಿಗಾಗಿ ಕಾದಿರುತ್ತದೆ.

ಆ ಕಾಲದಲ್ಲಿ ಕಾರ್ಖಾನೆಗೊಂದು ತಿರುಪು. ಜೋಸೆಫ್ ವಿಟ್‌ವರ್ತ್ ಹಲವು ಕಾರ್ಖಾನೆಗಳ ತಿರುಪುಗಳನ್ನು ಕಲೆಹಾಕಿ ಸರಾಸರಿ ತೆಗೆದು, 1841ರಲ್ಲಿ ಏಕರೂಪದ ಕ್ರಮವನ್ನು ಮುಂದಿಟ್ಟನು. ಹಲ್ಲಿನ ಎರಡು ಪಾರ್ಶ್ವಗಳ ನಡುವೆ 55 ಡಿಗ್ರಿ ಕೋನ. ಬ್ರಿಟಿಷ್ ಕೊಳವೆಗಳಿಗೂ ಮುಂದೆ ಅದೇ ಆಧಾರವಾಯಿತು. ಅಮೆರಿಕದಲ್ಲಿ ರಾಬರ್ಟ್ ಬ್ರಿಗ್ಸ್ 60 ಡಿಗ್ರಿಯ ಕೊಳವೆ ತಿರುಪನ್ನು ರೂಪಿಸಿದನು. ಅಲ್ಲಿನ ತಯಾರಕರು ಅದನ್ನು 1886ರಲ್ಲಿ ಒಪ್ಪಿಕೊಂಡಾಗ ಆತ ಬದುಕಿರಲಿಲ್ಲ.

ಕೋನ ಬೇರೆಯಾದರೂ ಇಬ್ಬರ ನಾಡಿನಲ್ಲೂ ನೆಲೆನಿಂತ ಉಪಾಯ ಒಂದೇ. ಕೊಳವೆಯ ತುದಿಯನ್ನು ತುಸು ಮೊನಚಾಗಿಸುವುದು. ಉದ್ದದಲ್ಲಿ 16 ಪಾಲಿಗೆ ವ್ಯಾಸದಲ್ಲಿ ಒಂದು ಪಾಲು. ಅರ್ಧ ಅಂಗುಲದ ಕೊಳವೆಯಲ್ಲಿ ಒಂದು ಸುತ್ತು ತಿರುಗಿಸಿದರೆ ಒತ್ತುವ ವ್ಯಾಸ ಸುಮಾರು 0.11 ಮಿಲಿಮೀಟರಿನಷ್ಟು ಹೆಚ್ಚುತ್ತದೆ. ಸೌದೆ ಸೀಳುವ ಬೆಣೆಯ ಕೆಲಸವೇ ಇದು. ಬೆಣೆ ಮಿತಿಯಲ್ಲಿದ್ದರೆ ಬಿಗಿ, ಮೀರಿದರೆ ಬಿರುಕು. ಆದ್ದರಿಂದಲೇ ಸಣ್ಣ ಕೊಳವೆಗಳನ್ನು ಕೈಯಲ್ಲಿ ಬಿಗಿಯಾಗುವವರೆಗೆ ತಿರುಗಿಸಿ, ಬಳಿಕ ಪಾನಾದಿಂದ ಒಂದೂವರೆ ಎರಡು ಸುತ್ತು ಸಾಕೆನ್ನುವ ವಾಡಿಕೆ. ಹಿತ್ತಾಳೆಯ ನಲ್ಲಿಯ ಮೇಲೆ ಉದ್ದ ಹಿಡಿಯ ಪಾನಾ ಹಾಕಿ ಜಗ್ಗುವವನು ಸೋರಿಕೆಯನ್ನು ತಾನೇ ಕರೆದಂತೆ.

ಎಷ್ಟೇ ಬಿಗಿದರೂ ಹಲ್ಲುಗಳ ತುದಿಯಲ್ಲಿ ಸುರುಳಿಯಾದ ಒಂದು ಸಂದಿ ಉಳಿದೇ ಉಳಿಯುತ್ತದೆ. ಅದನ್ನು ಮುಚ್ಚಲು ಹಿಂದಿನವರು ನಾರು ಸುತ್ತಿ ಬಿಳಿ ಸೀಸದ ಲೇಪ ಬಳಿಯುತ್ತಿದ್ದರು. ಟೆಫ್ಲಾನ್ 1938ರಲ್ಲಿ ಪತ್ತೆಯಾಗಿ, ಮುಂದೆ ಅದರ ತೆಳು ಟೇಪು ಬಂದಿತು. ಅದು ಬಲು ನುಣುಪು. ಕೈಗೆ ತಡೆಯೇ ತಿಳಿಯದೆ ಹೆಚ್ಚು ಸುತ್ತು ಹೋಗುವ ಭಯ ಮೊದಲಿಗಿಂತ ಜಾಸ್ತಿ. ಬಾಗು ಸರಿಯಾದ ದಿಕ್ಕಿಗೆ ನಿಲ್ಲಲಿಲ್ಲವೆಂದು ಹಿಂದಕ್ಕೆ ತಿರುಗಿಸಿದರೆ ಒತ್ತಿಕೊಂಡಿದ್ದ ಟೇಪು ಸಡಿಲುತ್ತದೆ. ಪೂರ್ತಿ ಬಿಚ್ಚಿ ಹೊಸದಾಗಿ ಸುತ್ತುವುದೇ ಕ್ರಮ.

ನಮ್ಮನ್ನು ಆಳಿದವರು ಹೋದರು. ಅವರ ತಿರುಪು ಉಳಿಯಿತು. ಭಾರತೀಯ ಮಾನಕ 554 ಇಂದಿಗೂ 55 ಡಿಗ್ರಿಯದೇ. ಅರ್ಧ ಅಂಗುಲದ ಕೊಳವೆಗೆ ಎರಡು ಪದ್ಧತಿಯಲ್ಲೂ ಅಂಗುಲಕ್ಕೆ 14 ಹಲ್ಲು. ಹಾಗಾಗಿ ಅಮೆರಿಕದ ಉಪಕರಣ ನಮ್ಮ ಕೊಳವೆಗೆ ನಾಲ್ಕಾರು ಸುತ್ತು ಸಲೀಸಾಗಿ ಕೂರುತ್ತದೆ, ಬಿಗಿದಂತೆಯೂ ಕಾಣುತ್ತದೆ, ಕೊನೆಗೆ ಸೋರುತ್ತದೆ. ಅಲ್ಲಿ ತೋಳ್ಬಲ ನಿಷ್ಫಲ, ಜೊತೆಯೇ ತಪ್ಪಿದೆ.

ಪಳಗಿದ ಕೆಲಸಗಾರರು ಇನ್ನೂ ತಿರುಗಿಸಬಹುದಾಗಿದ್ದ ಘಳಿಗೆಯಲ್ಲಿ ಪಾನಾ ಕೆಳಗಿಡುವುದನ್ನು ನಾನು ನೋಡಿದ್ದೇನೆ. ಬ್ರಿಗ್ಸನ ಹೆಸರು ಅವರಿಗೆ ತಿಳಿದಿರಲಾರದು. ಆದರೆ ಕೀಲನ್ನು ಕಾಯುವುದು ಹೊಂದಿಕೆಯೇ ಹೊರತು ಬಲವಲ್ಲವೆಂಬ ಆತನ ಪಾಠ ಅವರ ಕೈಗೆ ಚೆನ್ನಾಗಿ ತಿಳಿದಿದೆ.