ಬಾಯಿ ಒಣಗಿದವನು ಕಳ್ಳನೇ?

ಕಳೆದ ಚಳಿಗಾಲದ ಒಂದು ರಾತ್ರಿ. ಹೈದರಾಬಾದಿನಿಂದ ಹೊರಟ ರೈಲು ಎರಡೂವರೆ ತಾಸು ತಡವಾಗಿ ತಲುಪಿತ್ತು. ಆಡಕಿಗೆ ಹೋಗಲು ಬೆಳಗಿನ ಮೊದಲ ಬಸ್ಸೇ ಗತಿ. ಜಿಲ್ಲೆಯದೇ ಒಂದು ಊರಿನ ನಿಲ್ದಾಣದ ಹೊರಗೆ, ಮುಚ್ಚಿದ ಚಹಾ ಅಂಗಡಿಯ ಕಟ್ಟೆಯ ಮೇಲೆ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಗಸ್ತಿನ ಇಬ್ಬರು ಪೊಲೀಸರು ಬಂದು ಬ್ಯಾಟರಿ ಬೆಳಕನ್ನು ಮುಖಕ್ಕೆ ಹಿಡಿದರು.

"ಯಾವೂರು? ಇಷ್ಟೊತ್ತಿನ್ಯಾಗ ಇಲ್ಲೇನ್ ಮಾಡ್ಲತ್ತಿ? ಅಡ್ಡಹೆಸರೇನು? ಬ್ಯಾಗಿನ್ಯಾಗ ಏನದ?"

ಬ್ಯಾಗಿನಲ್ಲಿದ್ದದ್ದು ಒಂದು ಜೊತೆ ಬಟ್ಟೆ, ಶಾಸನ ಸಂಪುಟಗಳ ಜೆರಾಕ್ಸ್ ಕಂತೆ. ಉತ್ತರ ಹೇಳುವಾಗ ನನ್ನ ದನಿ ನಡುಗಿತು. "ಬಾಯಿ ಯಾಕ ಒಣಗ್ಯಾದ? ಏನ್ ಮಾಡಿ ಬಂದಿ?" ಎಂದರು ಹಿರಿಯವರು. ಫೋನಿನ ಲಾಕ್ ತೆಗೆಸಿ ಫೋಟೊಗಳನ್ನು ಒಂದಷ್ಟು ಹೊತ್ತು ಸರಿಸಿದರು. ಆಮೇಲೆ ವಾಪಸ್ ಕೊಟ್ಟು ಹೋದರು. ಹೊಡೆಯಲಿಲ್ಲ, ಬೈಯಲಿಲ್ಲ. ಆದರೂ ಬೆಳಗಿನ ತನಕ ಏನೋ ತಪ್ಪು ಮಾಡಿದವನಂತೆ ಕೂತಿದ್ದೆ. ಅವರು ಕೇಳಿದ್ದರಲ್ಲಿ ಯಾವುದಕ್ಕೆ ನಾನು ಉತ್ತರಿಸಲೇಬೇಕಿತ್ತು, ಯಾವುದಕ್ಕೆ ಬೇಕಿರಲಿಲ್ಲ ಎಂಬುದು ಎಂ.ಎ. ಮುಗಿಸಿ ಪಿಎಚ್.ಡಿ. ಮಾಡುತ್ತಿರುವ ನನಗೆ ಗೊತ್ತಿರಲಿಲ್ಲ.

ಇದಾದ ಕೆಲವು ವಾರಗಳಿಗೆ, ಬೇರೆ ಕೆಲಸಕ್ಕಾಗಿ ಮಿತಾಕ್ಷರದ ಪುಟ ತಿರುವುತ್ತಿದ್ದಾಗ ಆ ಒಣಗಿದ ಬಾಯಿ ಮತ್ತೆ ಎದುರಾಯಿತು. ಅಲ್ಲಿಂದ ಈ ಲೇಖನ ಶುರುವಾಯಿತು.

ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಶಹಾಬಾದ್ ಹತ್ತಿರದ ಮರತೂರಿನೊಂದಿಗೆ ಅವನ ಹೆಸರನ್ನು ವಿದ್ವಾಂಸರು ಜೋಡಿಸುತ್ತಾರೆ. ಅಲ್ಲಿ ಅವನ ಹೆಸರಿನ ಭವನವೂ ಇದೆ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನ ಜಗತ್ತಿಗೆ ಗೊತ್ತಾದದ್ದು ಆಸ್ತಿ ಹಂಚಿಕೆಯ ಗ್ರಂಥವಾಗಿ. ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದದ್ದೂ ದಾಯಭಾಗದ ಪ್ರಕರಣವನ್ನೇ. ಕೋರ್ಟುಗಳಲ್ಲಿ ಇನ್ನೂರು ವರ್ಷ ಅದೇ ಓಡಾಡಿತು. ಕಳ್ಳತನದ ಪ್ರಕರಣವನ್ನು ಓದುವವರು ಕಡಿಮೆ.

ರಾಜಪುರುಷರು ಯಾರನ್ನು ಹಿಡಿಯಬಹುದು ಎಂಬ ಪಟ್ಟಿ ಆ ಪ್ರಕರಣದಲ್ಲಿದೆ. ಕದ್ದ ಮಾಲು ಕೈಯಲ್ಲಿದ್ದವನು, ಹೆಜ್ಜೆ ಗುರುತು ಯಾರ ಕಡೆ ಹೋಗುತ್ತದೋ ಅವನು, ಹಿಂದೆ ಕಳ್ಳತನದಲ್ಲಿ ಹೆಸರು ಬಂದವನು, ನೆಲೆ ಗೊತ್ತಿಲ್ಲದವನು. ಇವರಲ್ಲದೆ ಬರೀ ಅನುಮಾನದ ಮೇಲೆ ಹಿಡಿಯಬಹುದಾದವರೂ ಇದ್ದಾರೆ: ಜಾತಿ, ಹೆಸರು ಮುಚ್ಚಿಡುವವರು, ಜೂಜು ಕುಡಿತಕ್ಕೆ ಬಿದ್ದವರು, ಎಲ್ಲಿಯವನು ಎಂದು ಕೇಳಿದರೆ ಬಾಯಿ ಒಣಗಿ ದನಿ ಒಡೆಯುವವರು, ಇನ್ನೊಬ್ಬರ ಮನೆ ಮತ್ತು ಹಣದ ಬಗ್ಗೆ ವಿಚಾರಿಸುವವರು, ಮರೆಮಾಚಿ ಓಡಾಡುವವರು, ಆದಾಯವಿಲ್ಲದೆ ಖರ್ಚು ಮಾಡುವವರು. ಗಸ್ತಿನವರು ಆ ರಾತ್ರಿ ನನ್ನನ್ನು ಕೇಳಿದ ಪ್ರಶ್ನೆಗಳು ಹೆಚ್ಚುಕಡಿಮೆ ಇದೇ ಸಾಲಿನಲ್ಲಿದ್ದವು.

ಮೂಲ ಸ್ಮೃತಿ ಪಟ್ಟಿ ಕೊಟ್ಟು ಮುಂದೆ ಹೋಗುತ್ತದೆ. ವಿಜ್ಞಾನೇಶ್ವರ ಅಲ್ಲಿ ತಡೆದು ನಿಲ್ಲುತ್ತಾನೆ. ಇಂಥ ಗುರುತು ಕಂಡು ಹಿಡಿದರೂ ಅವರು ಕಳ್ಳರೋ ಸಜ್ಜನರೋ ಎಂದು ಚೆನ್ನಾಗಿ ಪರೀಕ್ಷಿಸಬೇಕು, ಗುರುತು ಕಂಡಷ್ಟಕ್ಕೇ ಕಳ್ಳತನವನ್ನು ತೀರ್ಮಾನಿಸಬಾರದು ಎನ್ನುತ್ತಾನೆ. ಕಾರಣವನ್ನೂ ಕೊಡುತ್ತಾನೆ: ಕಳ್ಳನಲ್ಲದವನಲ್ಲೂ ಈ ಗುರುತುಗಳು ಇರಬಹುದು. ನಾರದನನ್ನು ಆಧಾರವಾಗಿಟ್ಟುಕೊಂಡು, ಕದ್ದ ವಸ್ತು ಬೇರೆಯವರ ಕೈಯಿಂದ ಜಾರಿ ಬಿದ್ದದ್ದಿರಬಹುದು, ನೆಲದ ಮೇಲೆ ಸಿಕ್ಕದ್ದಿರಬಹುದು, ಕಳ್ಳನೇ ಎಸೆದು ಹೋದದ್ದಿರಬಹುದು ಎಂದು ನೆನಪಿಸುತ್ತಾನೆ. ಸುಳ್ಳು ಸತ್ಯದಂತೆ, ಸತ್ಯ ಸುಳ್ಳಿನಂತೆ ಕಾಣುವುದುಂಟು, ಆದ್ದರಿಂದ ಪರೀಕ್ಷೆ ಬೇಕು ಎಂಬುದು ಅವನ ನಿಲುವು.

ಇಷ್ಟಕ್ಕೇ ಹೆಮ್ಮೆಪಟ್ಟು ಪುಸ್ತಕ ಮುಚ್ಚುವಂತಿಲ್ಲ. ಮುಂದಿನ ಶ್ಲೋಕವೇ, ಅನುಮಾನದ ಮೇಲೆ ಸಿಕ್ಕವನು ತಾನು ನಿರಪರಾಧಿ ಎಂದು ತೋರಿಸಿಕೊಳ್ಳದಿದ್ದರೆ ಮಾಲು ಕೊಡಿಸಿ ಕಳ್ಳನ ಶಿಕ್ಷೆಯನ್ನೇ ಕೊಡಬೇಕು ಎನ್ನುತ್ತದೆ. ಪರೀಕ್ಷೆ ಮಾಡುವುದು ಅಧಿಕಾರಿಯ ಧರ್ಮ, ಪಾರಾಗುವುದು ಹಿಡಿಸಿಕೊಂಡವನ ಹೊಣೆ.

ಮರತೂರಿಗಿಂತ ಬಹಳ ಹಿಂದಿನ ಇನ್ನೊಂದು ಕಲ್ಲು ಇದೇ ಸೀಮೆಯಲ್ಲಿದೆ. ಚಿತ್ತಾಪುರ ತಾಲ್ಲೂಕಿನ ಭೀಮಾ ತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ 1980ರ ದಶಕದಲ್ಲಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಬ್ರಾಹ್ಮಿ ಬರಹ ಕಂಡಿತು. ಅದರ ಒಂದು ಬದಿಯಲ್ಲಿರುವುದು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಅದುವರೆಗೆ ಸಿಕ್ಕಿದ್ದ ಪ್ರತ್ಯೇಕ ಶಾಸನಗಳು. ಸನ್ನತಿಯ ಕಲ್ಲು ಹಾಳಾಗಿರುವುದರಿಂದ ಧೌಲಿಯ ಪಾಠವನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಮೊದಲ ಪ್ರತ್ಯೇಕ ಶಾಸನ ನಗರದ ನ್ಯಾಯಾಧಿಕಾರಿಗಳಿಗೆ ಬರೆದದ್ದು. ಕಾರಣವಿಲ್ಲದೆ ಯಾರೂ ಸೆರೆಗೆ ಬೀಳಬಾರದು, ಹಿಂಸೆಗೆ ಒಳಗಾಗಬಾರದು ಎಂಬುದು ಅದರ ತಿರುಳು. ಅಧಿಕಾರಿಗಳು ತಪ್ಪುವುದಕ್ಕೆ ಕಾರಣಗಳನ್ನೂ ರಾಜ ಪಟ್ಟಿ ಮಾಡುತ್ತಾನೆ: ಅಸೂಯೆ, ಮುಂಗೋಪ, ಕ್ರೌರ್ಯ, ಅವಸರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಕ್ರಿ.ಪೂ. 3ನೇ ಶತಮಾನದ ಈ ಪಟ್ಟಿಯಲ್ಲಿ ದಣಿವನ್ನೂ ಸೇರಿಸಿದ್ದು ನನಗೆ ಹಿಡಿಸಿತು. ಆ ರಾತ್ರಿಯ ಇಬ್ಬರಿಗೂ ನಿದ್ದೆ ಇರಲಿಲ್ಲ. ಈ ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು ಎಂಬ ಆದೇಶವೂ ಅದರಲ್ಲೇ ಇದೆ.

ಹೀಗೆ ಅನುಮಾನವನ್ನು ನಂಬಬೇಡಿ ಎಂಬ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಆದರೆ ಎರಡೂ ಕಡೆ ಮಾತು ಹೋಗುವುದು ಅಧಿಕಾರಿಯ ಕಿವಿಗೆ. ಅವನು ಕೇಳದಿದ್ದರೆ ಹಿಡಿಸಿಕೊಂಡವನು ಏನು ಮಾಡಬೇಕು ಎಂಬುದು ಕಲ್ಲಿನಲ್ಲೂ ಇಲ್ಲ, ವ್ಯಾಖ್ಯಾನದಲ್ಲೂ ಇಲ್ಲ.

ಆ ಕೊರತೆ ಎಷ್ಟು ದೊಡ್ಡದು ಎಂಬುದು ತಾಂಡಾಗಳ ಚರಿತ್ರೆಯಲ್ಲಿ ಕಾಣುತ್ತದೆ. ಚಿಂಚೋಳಿ, ಸೇಡಂ, ಚಿತ್ತಾಪುರದ ಸುತ್ತ ಲಂಬಾಣಿ ತಾಂಡಾಗಳು ಬಹಳ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ಊರಿಂದೂರಿಗೆ ಸಾಗಿಸುತ್ತಿದ್ದವರು ಇವರು. 1871ರಲ್ಲಿ ವಾಡಿಯ ಮೇಲೆ ರಾಯಚೂರಿನವರೆಗೆ ರೈಲು ಬಂತು, 1874ರಲ್ಲಿ ವಾಡಿ–ಸಿಕಂದರಾಬಾದ್ ಹಳಿ ತೆರೆಯಿತು. ಎತ್ತಿನ ಸಾಗಣೆಗೆ ಕೆಲಸ ತಪ್ಪುತ್ತಾ ಹೋಯಿತು. ಅದೇ 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಇಂಥ ಕಾನೂನು ನಿಜಾಮರ ರಾಜ್ಯದಲ್ಲೂ ಬಂತು. ಭಂಗ್ಯಾ ಭೂಕ್ಯಾ ಅವರು ನಿಜಾಮರ ಆಳ್ವಿಕೆಯ ಲಂಬಾಡರ ಬಗ್ಗೆ ಬರೆದ ಪುಸ್ತಕ ಈ ಕಥೆಯನ್ನು ವಿವರವಾಗಿ ಹೇಳುತ್ತದೆ.

ಮಿತಾಕ್ಷರದ ಪಟ್ಟಿಯಲ್ಲಿ ಗುರುತುಗಳು ಒಬ್ಬ ಮನುಷ್ಯನ ನಡೆಯಲ್ಲಿ ಇರುತ್ತಿದ್ದವು. ಈ ಕಾಯ್ದೆಗಳಲ್ಲಿ ಹುಟ್ಟೇ ಗುರುತಾಯಿತು. ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಚೀಟಿ ಬೇಕು. ಪರೀಕ್ಷೆಯ ಮಾತೇ ಇಲ್ಲ. ಬ್ರಿಟಿಷ್ ಕಾಯ್ದೆ ರದ್ದಾದದ್ದು 1952ರಲ್ಲಿ. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು. ನಮ್ಮದು 1961ರದು.

ನನ್ನಜ್ಜ ನಿಜಾಮರ ಕಾಲ ಕಂಡವರು. ಠಾಣೆಯ ಅಮೀನಸಾಬ ಊರಿಗೆ ಬಂದರೆ ಗಂಡಸರು ಹೊಲದ ಕಡೆ ಹೋಗಿಬಿಡುತ್ತಿದ್ದರಂತೆ. ಉರ್ದು ಕಾಗದದಲ್ಲಿ ಏನು ಬರೆದಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿದ್ದನ್ನು ಅಜ್ಜ ನಗುತ್ತಲೇ ಹೇಳುತ್ತಿದ್ದರು. ಪಂಚನಾಮೆ, ಜಪ್ತಿ ಎಂಬ ಮಾತುಗಳು ನಮ್ಮ ಬಾಯಲ್ಲಿ ಇನ್ನೂ ಇವೆ. ಅವುಗಳ ಜೊತೆಗಿನ ಹೆದರಿಕೆಯೂ ಇದೆ.

1950ರ ಸಂವಿಧಾನ ಮಾಡಿದ ದೊಡ್ಡ ಬದಲಾವಣೆ ಎಂದರೆ ಮಾತನ್ನು ಹಿಡಿಸಿಕೊಂಡವನ ಕೈಗೆ ಕೊಟ್ಟದ್ದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡುವಂತಿಲ್ಲ (20ನೇ ವಿಧಿ). ಬಂಧಿಸಿದರೆ ಕಾರಣ ಹೇಳಬೇಕು, ತನ್ನ ಆಯ್ಕೆಯ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು (22ನೇ ವಿಧಿ).

ಇದು ಕಾಗದದಿಂದ ಬೀದಿಗೆ ಬರಲು ಬಹಳ ಕಾಲ ಹಿಡಿಯಿತು. ಉತ್ತರ ಪ್ರದೇಶದ ಖರಕ್ ಸಿಂಗ್ 1941ರ ದರೋಡೆ ಪ್ರಕರಣದಲ್ಲಿ ಪುರಾವೆ ಇಲ್ಲದೆ ಬಿಡುಗಡೆಯಾದವರು. ಆದರೂ ಅವರ ಹೆಸರಿನಲ್ಲಿ ಪೊಲೀಸರು ಹಾಳೆ ತೆರೆದಿಟ್ಟು, ರಾತ್ರಿ ಮನೆ ಬಾಗಿಲು ಬಡಿಯುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ಆ ರಾತ್ರಿ ಭೇಟಿಗಳನ್ನು ರದ್ದು ಮಾಡಿತು, ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದಿತು. ಆ ಮಾತನ್ನು ತೆಗೆದುಹಾಕಿದ್ದು 2017ರ ತೀರ್ಪು. ಅದಕ್ಕೆ ಕಾರಣರಾದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಈಗ ನನ್ನ ರಾತ್ರಿಗೆ ಬರುತ್ತೇನೆ. ಗಸ್ತಿನವರು ನನ್ನನ್ನು ನಿಲ್ಲಿಸಿ ಹೆಸರು, ಊರು ಕೇಳಿದ್ದು ತಪ್ಪಲ್ಲ. ಹೇಳುವುದೇ ಸರಿ. ಪೊಲೀಸರ ಕಾನೂನುಬದ್ಧ ಸೂಚನೆ ಪಾಲಿಸಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯೂ ಹೇಳುತ್ತದೆ. ಆದರೆ ತನಿಖೆಯಲ್ಲಿ ಪ್ರಶ್ನಿಸುವಾಗಲೂ, ನಮ್ಮನ್ನೇ ಅಪರಾಧಕ್ಕೆ ಸಿಲುಕಿಸುವ ಉತ್ತರ ಕೊಡಬೇಕಾಗಿಲ್ಲ. ವಾರಂಟ್ ಇಲ್ಲದೆ ತನಿಖಾಧಿಕಾರಿ ಒಂದು ಜಾಗವನ್ನು ಶೋಧಿಸುವುದಾದರೆ ಕಾರಣವನ್ನು ಬರೆದಿಡಬೇಕು, ಅದರ ಪ್ರತಿ 48 ತಾಸಿನೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆ ಶೋಧನೆಗೆ ಊರಿನ ಇಬ್ಬರು ಸ್ವತಂತ್ರ ಪಂಚರು ಬೇಕು, ಮನೆಯವರು ಹಾಜರಿರಬಹುದು, ಜಪ್ತಿ ಮಾಡಿದ ವಸ್ತುಗಳ ಪಟ್ಟಿಯ ಪ್ರತಿ ಕೇಳಬಹುದು. ಈಗ ಅದರ ವಿಡಿಯೊ ಚಿತ್ರೀಕರಣವೂ ಕಡ್ಡಾಯ. ಬಂಧಿಸಿದವರ ಮೈ ಶೋಧಿಸಿ ವಸ್ತು ತೆಗೆದುಕೊಂಡರೆ ರಸೀದಿ ಕೊಡಬೇಕು. ಹೆಂಗಸರನ್ನು ಹೆಂಗಸರೇ ಶೋಧಿಸಬೇಕು. ಮಾದಕ ವಸ್ತುಗಳ ಕಾಯ್ದೆಯಲ್ಲಿ ಪೊಲೀಸರಿಗೆ ಹೆಚ್ಚಿನ ಅಧಿಕಾರವಿದೆ. ಅಲ್ಲಿಯೂ ಮೈ ಶೋಧನೆಗೆ ಮುಂಚೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಅದು ನಡೆಯಲಿ ಎಂದು ಕೇಳುವ ಹಕ್ಕಿದೆ ಎಂದು ತಿಳಿಸಬೇಕು. ಈ ರಕ್ಷಣೆ ಬ್ಯಾಗಿಗೆ ಅನ್ವಯಿಸುವುದಿಲ್ಲ.

ಇನ್ನು ಫೋನು. 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದ್ದು ಇಷ್ಟು: ತನಿಖಾಧಿಕಾರಿ ಪಾಸ್‌ವರ್ಡ್ ಕೊಡಿ ಎಂದು ಕೇಳಬಹುದು, ಕೊಡದಿದ್ದರೆ ಕೋರ್ಟಿನ ಆದೇಶಕ್ಕೆ ಅರ್ಜಿ ಹಾಕಬೇಕು. ಕಟ್ಟೆಯ ಮೇಲೆ ಕೂತ ನನ್ನ ವಿರುದ್ಧ ಪ್ರಕರಣವೇ ಇರಲಿಲ್ಲ. "ಯಾಕೆ ಸರ್?" ಎಂದು ಕೇಳಬಹುದಿತ್ತು. ಕೇಳುವ ಧೈರ್ಯ ಇರಲಿಲ್ಲ, ಕೇಳಬಹುದೆಂದು ಗೊತ್ತೂ ಇರಲಿಲ್ಲ.

ನನಗೆ ಒಂದು ಗುರುತಿನ ಚೀಟಿ, ವಿಶ್ವವಿದ್ಯಾಲಯದ ಹೆಸರು ಇತ್ತು. ಅದೇ ಕಟ್ಟೆಯ ಮೇಲೆ ಪುಣೆಯ ಕಟ್ಟಡ ಕೆಲಸ ಮುಗಿಸಿ ಬಂದ ತಾಂಡಾದ ಹುಡುಗ ಕೂತಿದ್ದರೆ? 2024ರ ಅಕ್ಟೋಬರಿನಲ್ಲಿ, ಜೈಲಿನೊಳಗಿನ ಜಾತಿ ತಾರತಮ್ಯದ ಬಗ್ಗೆ ಸುಕನ್ಯಾ ಶಾಂತಾ ಅವರ ಅರ್ಜಿಯಲ್ಲಿ ತೀರ್ಪು ಕೊಡುತ್ತಾ, ವಿಮುಕ್ತ ಬುಡಕಟ್ಟುಗಳವರನ್ನು ಮನಬಂದಂತೆ ಬಂಧಿಸದಿರಲು ಬಂಧನದ ಮಾರ್ಗಸೂಚಿಗಳನ್ನು ಪಾಲಿಸಿ ಎಂದು ಸುಪ್ರೀಂ ಕೋರ್ಟ್ ಪೊಲೀಸರಿಗೆ ನಿರ್ದೇಶನ ಕೊಟ್ಟಿತು. ಕಾಯ್ದೆ ರದ್ದಾಗಿ 72 ವರ್ಷದ ಮೇಲೂ ಇದನ್ನು ಹೇಳಬೇಕಾಯಿತು. 2025ರ ವಿಹಾನ್ ಕುಮಾರ್ ಪ್ರಕರಣದಲ್ಲಿ, ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ತಲುಪಿಸಬೇಕು ಎಂದಿತು. ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕೂ ಮಾತನಾಡುವ ನಮ್ಮ ಸೀಮೆಗೆ ಇದು ಸಣ್ಣ ವಿಷಯವಲ್ಲ. ಅಜ್ಜನ ಹೆಬ್ಬೆಟ್ಟು ನೆನಪಾಗುತ್ತದೆ.

ಬಂಧನದ ಬಗ್ಗೆ 11 ನಿಯಮ ಹಾಕಿದ 1996ರ ಡಿ.ಕೆ. ಬಸು ತೀರ್ಪು ಕೊನೆಯಲ್ಲಿ ಇನ್ನೊಂದು ಮಾತು ಹೇಳಿತ್ತು. ಈ ನಿಯಮಗಳನ್ನು ಪ್ರತಿ ಠಾಣೆಯಲ್ಲಿ ಕಾಣುವ ಜಾಗದಲ್ಲಿ ಹಾಕಬೇಕು, ರೇಡಿಯೊ ಮತ್ತು ದೂರದರ್ಶನದಲ್ಲಿ ಹೇಳಿದರೆ, ಸ್ಥಳೀಯ ಭಾಷೆಯಲ್ಲಿ ಅಚ್ಚು ಹಾಕಿ ಹಂಚಿದರೆ ಒಳ್ಳೆಯದು ಎಂದು. ಸನ್ನತಿಯ ಕಲ್ಲಿನ ರಾಜನೂ ಓದಿ ಕೇಳಿಸಿ ಎಂದೇ ಹೇಳಿದ್ದ. ಮೊನ್ನೆ ಊರಿಗೆ ಹೋದಾಗ ಓಣಿಯ ಹುಡುಗರಿಗೆ ಇದನ್ನೆಲ್ಲ ಹೇಳಿ, ಉಚಿತ ಕಾನೂನು ನೆರವಿನ 15100 ಸಂಖ್ಯೆಯನ್ನು ಫೋನಿನಲ್ಲಿ ಹಾಕಿಕೊಳ್ಳಿ ಎಂದೆ. ಒಬ್ಬ ಕೇಳಿದ, "ಆದರ ಅಣ್ಣಾ, ಕೇಳಿದ್ರ ಹೊಡ್ಯಂಗಿಲ್ಲೇನು?" ಉತ್ತರ ಹೇಳುವ ಮುಂಚೆ ನನ್ನ ಬಾಯಿ ಮತ್ತೆ ಒಣಗಿತು.