ಅಮ್ಮನ ಬಲಗೈ

ನಮ್ಮ ಮಾಕಳಿದುರ್ಗದಲ್ಲಿ ಬೆಟ್ಟದ ಬುಡದಲ್ಲೇ ರೈಲು ಹಾಯುತ್ತದೆ. ಬೆಳಗಿನ ರೈಲಿನ ಸದ್ದಿಗೆ ಅಮ್ಮ ಒಲೆ ಹಚ್ಚುತ್ತಿದ್ದಳು. ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು ಮುದ್ದೆ ಕೋಲು ತಿರುವಿದಳೆಂದರೆ ಹಿಟ್ಟಿನಲ್ಲಿ ಒಂದು ಗಂಟೂ ಉಳಿಯುತ್ತಿರಲಿಲ್ಲ.

1989ರಲ್ಲಿ ಒಂದು ಬೆಳಿಗ್ಗೆ ಆ ಕೋಲು ಕೈಯಿಂದ ಜಾರಿತು. ಬಾಯಿ ಸೊಟ್ಟಗಾಯಿತು, ಬಲಗೈ, ಬಲಗಾಲು ಬಿದ್ದುಹೋದವು. ಲಕ್ವ ಹೊಡೆದಿದೆ ಎಂದರು. ಪಾರಿವಾಳದ ರಕ್ತ ಹಚ್ಚಿ ಎಂದವರಿದ್ದರು, ಎಣ್ಣೆ ತಂದುಕೊಟ್ಟವರಿದ್ದರು. ಆಸ್ಪತ್ರೆಗೆ ಹೋದದ್ದು ಮೂರನೆಯ ದಿನ. ಮನೆಗೆ ಕಳಿಸುವಾಗ ವೈದ್ಯರು, “ಕೈಗೆ ಕೆಲಸ ಕೊಡ್ತಾ ಇರಿ” ಎಂದರು. ನಾವು ಕೊಡಲಿಲ್ಲ. ಹೆಣ್ಣುಮಕ್ಕಳು, ಸೊಸೆ, ಎಲ್ಲರೂ ಸರದಿಯ ಮೇಲೆ ಉಣಿಸಿದೆವು, ತಲೆ ಬಾಚಿದೆವು. ಒಮ್ಮೆ ಅಮ್ಮ ಬಲಗೈಯಲ್ಲಿ ಲೋಟ ಎತ್ತಲು ಹೋಗಿ ಮೈಮೇಲೆಲ್ಲ ನೀರು ಚೆಲ್ಲಿಕೊಂಡಳು. “ನಾವಿಲ್ವೇನಮ್ಮ, ಸುಮ್ನಿರು” ಎಂದು ಲೋಟ ಕಿತ್ತುಕೊಂಡವಳು ನಾನೇ. ಅವಳು ಮತ್ತೆ ಹನ್ನೊಂದು ವರ್ಷ ಬದುಕಿದಳು. ಆ ಕೈ ಎದೆಗೆ ಮಡಚಿಕೊಂಡೇ ಉಳಿಯಿತು.

2018ರಲ್ಲಿ ದೊಡ್ಡಬಳ್ಳಾಪುರದಲ್ಲಿದ್ದ ನಮ್ಮಕ್ಕನಿಗೂ ಅದೇ ಆಯಿತು. ಈ ಸಲ ತಡಮಾಡಲಿಲ್ಲ. ಆಮೇಲೆ ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿ ನನ್ನನ್ನೇ ಗದರಿದಳು: “ಮೇಡಂ, ನೀವು ಸಹಾಯ ಮಾಡಬೇಡಿ.” ಮೂವತ್ತು ವರ್ಷ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವಳಿಗೆ ಈ ಮಾತು ಮುಳ್ಳಿನಂತೆ ಚುಚ್ಚಿತು. ಏಕೆ ಹಾಗೆಂದಳೆಂದು ತಿಳಿಯಲು ಪುಸ್ತಕ ಹಿಡಿದೆ.

ಕೈ ಬಿದ್ದುಹೋಗುವುದು ಕೈಯ ದೋಷದಿಂದಲ್ಲ, ಮಿದುಳಿನಲ್ಲಿ ರಕ್ತ ನಿಂತೋ ಸೋರಿಯೋ ಹಾಗಾಗುವುದು. 1870ರಲ್ಲಿ ಬರ್ಲಿನ್ನಿನಲ್ಲಿ ಫ್ರಿಷ್ ಮತ್ತು ಹಿಟ್ಸಿಗ್ ಎಂಬಿಬ್ಬರು ನಾಯಿಯ ಮಿದುಳಿನ ಒಂದು ಕಡೆಗೆ ಸಣ್ಣ ವಿದ್ಯುತ್ ತಾಗಿಸಿದರು. ಎದುರು ಪಕ್ಕದ ಕಾಲು ಅಲುಗಿತು. ಪ್ರಯೋಗ ನಡೆದದ್ದು ಹಿಟ್ಸಿಗ್ ಅವರ ಮನೆಯಲ್ಲಿ, ಹೆಂಡತಿಯ ಕನ್ನಡಿ ಮೇಜಿನ ಮೇಲೆ ಎಂದು ಹೇಳುತ್ತಾರೆ. ಆಕೆ ಏನೆಂದರೋ! 1937ರ ಹೊತ್ತಿಗೆ ಕೆನಡಾದ ಪೆನ್‌ಫೀಲ್ಡ್ ಮನುಷ್ಯರ ಮಿದುಳಿನ ನಕ್ಷೆಯನ್ನೇ ಪ್ರಕಟಿಸಿದರು. ಅದರಲ್ಲಿ ಇಡೀ ಬೆನ್ನಿಗಿಂತ ಒಂದು ಅಂಗೈಗೆ ಹೆಚ್ಚು ಜಾಗ. ಹಿಟ್ಟು ತಿರುವುವ, ಹೂ ಕಟ್ಟುವ ಕೈಗೆ ಅಷ್ಟು ಜಾಗ ಬೇಡವೇ?

ಸತ್ತ ಮಿದುಳಿನ ಭಾಗ ಮತ್ತೆ ಹುಟ್ಟುವುದಿಲ್ಲ ಎಂದು ವೈದ್ಯರು ಬಹುಕಾಲ ಕೈಚೆಲ್ಲಿದ್ದರು. ಅಮೆರಿಕದ ಎಡ್ವರ್ಡ್ ಟಾಬ್ ಬೇರೊಂದು ಸಂಗತಿ ಕಂಡರು: ಒಂದು ಕೈ ಸೋತ ಕೋತಿ, ಎರಡು ಸಲ ಎತ್ತಿ ಆಗದಿದ್ದರೆ, ಆ ಕೈ ಇರುವುದನ್ನೇ ಮರೆತುಬಿಡುತ್ತದೆ. ಒಳ್ಳೆಯ ಕೈಯನ್ನು ಕಟ್ಟಿದರೆ ಸೋತ ಕೈಯನ್ನು ಬಳಸಲು ಕಲಿಯುತ್ತದೆ. 2006ರಲ್ಲಿ 222 ರೋಗಿಗಳ ಪರೀಕ್ಷೆಯ ಫಲ ಹೊರಬಂತು. ಬೆರಳು ತುಸುವಾದರೂ ಆಡುತ್ತಿದ್ದವರಿಗೆ ಎರಡು ವಾರ ಒಳ್ಳೆಯ ಕೈಗೆ ಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸಿದ್ದರು. ಅವರ ಕೈ ಸುಧಾರಿಸಿತ್ತು. ಉಳಿದ ಭಾಗಗಳು ಹೊಸ ದಾರಿ ಕಲಿಯುತ್ತವೆ, ಆದರೆ ಸಾವಿರ ಸಲ ಮಾಡಿಸಿದರೆ ಮಾತ್ರ.

ಹಾಗಾದರೆ ವಿದ್ಯುತ್ತಿನಿಂದ ಮಿದುಳನ್ನು ಎಬ್ಬಿಸಬಾರದೇ? 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಬಾರ್ಕರ್, ತಲೆ ತೆರೆಯದೆ, ಹೊರಗೆ ಹಿಡಿದ ಕಾಂತದ ಸುರುಳಿಯಿಂದಲೇ ಕೈ ಅಲುಗಿಸಿ ತೋರಿಸಿದರು. ಮಿದುಳಿನ ಮೇಲೆ ತಂತಿ ಕೂರಿಸಿದ ಅಮೆರಿಕದ ದೊಡ್ಡ ಪ್ರಯೋಗ 2008ರಲ್ಲಿ ಸೋತಿತು: ಬರೀ ವ್ಯಾಯಾಮ ಮಾಡಿದವರಿಗಿಂತ ಅವರಿಗೆ ಹೆಚ್ಚು ಗುಣವಾಗಲಿಲ್ಲ. 2021ರಲ್ಲಿ 108 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗ ಗೆದ್ದಿತು. ಕೈ ಅಲುಗಿಸುವ ಗಳಿಗೆಯಲ್ಲೇ ಕುತ್ತಿಗೆಯ ನರವೊಂದಕ್ಕೆ ಪುಟ್ಟ ಯಂತ್ರ ವಿದ್ಯುತ್ ಕೊಡುತ್ತದೆ. ಅದೇ ವರ್ಷ ಅಮೆರಿಕ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲೂ ಯಂತ್ರ ಇದ್ದವರು, ಇಲ್ಲದವರು ಇಬ್ಬರೂ ವ್ಯಾಯಾಮ ಮಾಡಿದ್ದರು. ವಿದ್ಯುತ್ ಒತ್ತಾಸೆಯಷ್ಟೆ, ಕೆಲಸ ಕೈಯೇ ಮಾಡಬೇಕು.

ಬೆಂಗಳೂರಿನ ನಿಮ್ಹಾನ್ಸ್ ಈ ಹೆಸರಿನಲ್ಲಿ ಆರಂಭವಾದದ್ದು 1974ರಲ್ಲಿ. ಅಲ್ಲಿ ಇಂಥ ರೋಗಿಗಳನ್ನು ಮತ್ತೆ ಬದುಕಿಗೆ ಹಚ್ಚಲೆಂದೇ ಒಂದು ವಿಭಾಗವಿದೆ. ಅಕ್ಕನನ್ನು ಕರೆದುಕೊಂಡು ಹೋದಾಗ ಅಲ್ಲಿ ನಾನು ಕಂಡದ್ದು ಚೆಂಡು, ಮಣಿ, ಗುಂಡಿ ಹಾಕುವ ಹಲಗೆ, ನಮ್ಮ ಒಂದನೇ ತರಗತಿಯ ಸಾಮಾನುಗಳೇ.

ಆಗಲೇ ಹೀಗೆ ಮಾಡಿದ್ದರೆ ಅಮ್ಮನ ಕೈ ಪೂರ್ತಿ ಬರುತ್ತಿತ್ತು ಎನ್ನಲಾರೆ. ಮಿದುಳಿಗೆ ಎಷ್ಟು ಪೆಟ್ಟಾಗಿತ್ತೋ ಯಾರಿಗೆ ಗೊತ್ತು. ಆದರೆ ಆ ದಿನ ಲೋಟ ಕಿತ್ತುಕೊಳ್ಳದೆ, ನೆಲ ಒರೆಸುವ ಬಟ್ಟೆ ತಂದು ಪಕ್ಕದಲ್ಲಿ ಕೂತಿರಬಹುದಿತ್ತು.

ಅಕ್ಕ ಇವತ್ತಿಗೂ ಮುದ್ದೆ ತಿರುವಲಾರಳು. ಕುಪ್ಪಸದ ಹುಕ್ಕು ತಾನೇ ಹಾಕಿಕೊಳ್ಳುತ್ತಾಳೆ, ಅವರೆಕಾಯಿ ಸುಲಿಯುತ್ತಾಳೆ. ಬಲಗೈಯಿಂದ ಲೋಟ ಎತ್ತುವಾಗ ಇನ್ನೂ ತುಸು ಚೆಲ್ಲುತ್ತದೆ. ನಾನು ಸೆರಗಿನಲ್ಲಿ ಕೈ ಸುತ್ತಿಕೊಂಡು ಸುಮ್ಮನೆ ಕೂತಿರುತ್ತೇನೆ.